ಕಾರ್ಡ್ ಕಾಗದದ ಕೃಷ್ಣಾ ಹೊಳಿ

ಕಣ್ಣಿಗೆ ಚಂದ ಕಾಣೂ ಕೆಲಸ ಮಾಡಿ ಮಾಡಿ ನನಗ ಸ್ವಲ್ಪ ಸೊಕ್ಕ ಬಂದಿತ್ತು, ಈಗ ಒಪ್ಪಕೋತೀನಿ. ಗೋಕಾಕದ ನಮ್ಮ ಮನಿ ಪಡಸಾಲ್ಯಾಗ ಒಂದು ಸಣ್ಣ ಕಟಿಂಗ್ ಮಶೀನ್ ಐತಿ. ಕಂಪ್ಯೂಟರಿನಾಗ ಚಿತ್ರ ಬರದು ಕೊಟ್ರ ದಪ್ಪ ಕಾರ್ಡ್ ಕಾಗದಾನ ಬ್ಲೇಡಿನಿಂದ ಹಂಗ ಕತ್ತರಿಸಿ ಕೊಡತೈತಿ. ಬಸರಿ ಹೆಣ್ಣಮಕ್ಕಳ ಕುಬಸದ ಸ್ಟೇಜಿಗೆ ಹೂಬಳ್ಳಿ, ತೊಟ್ಟಲಕ್ಕ ಕೂಸಿನ ಹೆಸರು, ಕೇಕಿನ ಮ್ಯಾಲ ಚುಚ್ಚೂ ಅಕ್ಷರ, ಇಂಥಾವ ಮಾಡಿಕೊಡ್ತೀನಿ. ನೋಡಿದವರೆಲ್ಲಾ "ಏನ್ ನಾಜೂಕ ಮಾಡೀರಿ!" ಅಂತಿದ್ರು. ನೋಡಿದವರು ಅಷ್ಟ. ಬೆರಳಿಟ್ಟು ಸವರಿದವರು ಯಾರೂ ಇರಲಿಲ್ಲ.

ಆಷಾಢ ಮುಗ್ಯಾಕ ಒಂದು ವಾರ ಇತ್ತು. ಹುಕ್ಕೇರಿಯಿಂದ ಒಬ್ಬ ಟೀಚರ್ ಬಾಯಾರು ಬಂದ್ರು. ಕಣ್ಣು ಕಾಣದ ಮಕ್ಕಳು ಯಾವ ಸಾಲ್ಯಾಗ ಅದಾರೋ ಆ ಸಾಲಿಗೇ ಹೋಗಿ ಕಲಸೂ ಕೆಲಸ ಅವರದು. ತೊಯ್ದ ಛತ್ರಿ ಬಾಗಲದಾಗ ಬಿಟ್ಟು ಒಳಗ ಬಂದು ಚೀಲದಿಂದ ಒಂದು ರಟ್ಟು ತಗದ್ರು. ಅದರ ಮ್ಯಾಲ ಉಲ್ಲನ್ ದಾರ ಅಂಟಿಸಿ ಹೊಳಿ ನಕಾಶಿ ಮಾಡಿದ್ರು. ಅರ್ಧ ದಾರ ಕಿತ್ತು ಜೋತಾಡ್ತಿತ್ತು.

"ಒಂಬತ್ತನೇತ್ತಾದಾಗ ಒಬ್ಬಾಕಿ ಹುಡುಗಿ ಅದಾಳ್ರಿ. ಹುಟ್ಟಿದಾಗಿಂದ ಕಣ್ಣ ಕಾಣಂಗಿಲ್ಲ. ಬೆರಳ ಆಡಿಸಿ ಆಡಿಸಿ ದಾರ ಕಿತ್ತಾಳ" ಅಂದ್ರು. "ಹೆಡ್ ಮಾಸ್ತರ್ ಏನಂತಾರಂದ್ರ, ಬರೂ ವರ್ಷ ಹತ್ತನೇತ್ತಾ, ನಕಾಶಿ, ಆಕೃತಿ ಒಂದೂ ಬರದ ಹುಡುಗೀನ ನಾ ಹೆಂಗ ದಾಟಸ್ಲಿ, ದೂರದ ಹಾಸ್ಟೆಲ್ ಸಾಲಿಗೆ ಕಳಸೂದ ಚಲೋ ಅಂತ. ಆಕಿ ಅವ್ವನ ಹೆಬ್ಬಟ್ಟ ಒತ್ತಿಸಿಕೊಂಡ ಟಿ.ಸಿ. ಅರ್ಜಿ ಟೇಬಲ್ ಮ್ಯಾಲ ಐತಿ. ನಾ ಜಗಳಾಡಿ ಒಂದ ಅವಕಾಶ ಇಸಕೊಂಡೇನಿ. ಪಂಚಮಿ ಸೂಟಿ ಮುಗದ ಸೋಮವಾರ ತಾವ ಪರೀಕ್ಷಾ ಮಾಡ್ತಾರಂತ. ಕೃಷ್ಣಾ, ಅದರ ಉಪನದಿ. ನಕಾಶಿ ಓದಿದ್ರ ಇಲ್ಲೇ ಇರ್ತಾಳ. ಇಲ್ಲಂದ್ರ ಹೋಗಬೇಕ."

"ಹುಡುಗಿಗೆ ಹೋಗೂ ಮನಸೈತೇನ್ರಿ?"

"ಮನಸಿದ್ದಿದ್ರ ನಾ ಈ ಮಳ್ಯಾಗ ಗೋಕಾಕಕ್ಕ ಯಾಕ ಬರ್ತಿದ್ನಿ? ಅವ್ವ-ಮಗಳು ಇಬ್ಬರ ಅದಾರ. ಅವ್ವ ಹೊಲದ ಕೆಲಸಕ್ಕ ಹೋಗ್ತಾಳ. ಹುಡುಗಿ ಗೆಳತ್ಯಾರು, ಹಾದಿ, ಬಾಗಲ, ಎಲ್ಲಾ ಆಕಿಗೆ ಇಲ್ಲೇ ಗೊತ್ತಿರೂದು."

ಹೊಳಿ ಉಬ್ಬಿರಬೇಕು, ದಂಡಿ ನುಣ್ಣಗಿರಬೇಕು, ಉಪನದಿ ಬಂದು ಕೂಡೂ ಜಾಗ ಚೂಪಾಗಿ ತಿಳೀಬೇಕು. ಇಷ್ಟ ಅವರ ಬೇಡಿಕಿ. "ಇದೇನ್ ದೊಡ್ಡ ಕೆಲಸ್ರಿ, ಎರಡ ದಿನದಾಗ ಕೊಡ್ತೀನಿ" ಅಂದ್ನಿ. ಚಹಾ ಕುಡಿದು ಅವರು ಸಮಾಧಾನದಿಂದ ಹೋದ್ರು.

ಪಾಠದ ಪುಸ್ತಕದ ನಕಾಶಿ ಫೋಟೋ ತಗದು ಕಂಪ್ಯೂಟರಿನಾಗ ಹಾಕಿ, ಗೆರಿ ಮ್ಯಾಲ ಗೆರಿ ಎಳದ್ನಿ. ಕೃಷ್ಣಾ ನಡುವ, ದಕ್ಷಿಣದಿಂದ ಬಂದು ಕೂಡೂ ಘಟಪ್ರಭಾ, ಮಲಪ್ರಭಾ, ಉತ್ತರದಿಂದ ಡೋಣಿ, ಭೀಮಾ. ಘಟಪ್ರಭಾಕ್ಕ ಮತ್ತ ನಮ್ಮ ಹಿರಣ್ಯಕೇಶಿ, ಮಾರ್ಕಂಡೇಯ. ತುಂಗಭದ್ರಾ ಕೂಡೂದು ರಾಜ್ಯದ ಹೊರಗ ಅಂತ ಬಿಟ್ನಿ. ಕೃಷ್ಣಾ ಮೂರು ಮಿಲಿಮೀಟರ್ ಅಗಲ, ಉಳದಾವು ಎರಡು. ಎಲ್ಲಾ ಕೂಡಿ ಒಂದ ತುಂಡು, ಟೊಂಗಿ ಸಮೇತ ಗಿಡ ಇದ್ದಂಗ. ಅದನ್ನ ಕತ್ತರಿಸಿ, ಬಿಳೇ ಹಾಳಿ ಮ್ಯಾಲ ಅಂಟಿಸಿ, ಸುತ್ತ ರಾಜ್ಯದ ಗಡಿನೂ ಅಂಟಿಸಿದ್ನಿ. ಗ್ವಾಡಿಗೆ ಆನಿಸಿಟ್ಟು ದೂರದಿಂದ ನೋಡಿ ನಾನ ಖುಷಿ ಆದ್ನಿ.

ಮೂರನೇ ದಿನ ಎರಡು ರಟ್ಟಿನ ನಡುವ ಅದನ್ನ ಇಟ್ಕೊಂಡು ಹುಕ್ಕೇರಿ ಬಸ್ಸು ಹತ್ತಿದ್ನಿ. ಘಟಪ್ರಭಾ ಸ್ಟೇಶನ್ ಕಡೆ ಮಂದಿ ನುಗ್ಗಿದಾಗ ಎದಿಗೆ ಅವುಚಿಕೊಂಡು ನಿಂತ್ನಿ. ಸಾಲ್ಯಾಗ ಟೀಚರ್ ಆ ಹುಡುಗೀನ ಕರದ್ರು. ಎರಡು ಜಡಿ, ರಿಬ್ಬನ್ನು, ಮಾರಿ ತುಂಬ ತಂಟಿ. ಕುಂತು ಎರಡೂ ಕೈ ನಕಾಶಿ ಮ್ಯಾಲ ಇಟ್ಲು. ಬೆರಳು ಇರುವಿ ಸಾಲಿನಂಗ ಹೊಂಟ್ವು.

"ಅಕ್ಕಾರ, ಇದು ಗಡಿನೋ ಹೊಳಿನೋ?"

"ಗಡಿ" ಅಂದ್ನಿ ನಾನು.

"ಎರಡೂ ಒಂದ ನಮೂನಿ ಅದಾವಲ್ರಿ." ಬೆರಳು ಮುಂದ ಹೋತು, ನಿಂತಿತು, ಹಿಂದ ಬಂತು. "ಇಲ್ಲಿ ಘಟಪ್ರಭಾ ಕೂಡೂಕಿಂತ ಮೊದಲ ಒಂದು ಹಳ್ಳ ಬಂದೈತಿ. ಇದರ ಹೆಸರೇನ್ರಿ?"

"ಅಲ್ಲಿ ಯಾವ ಹಳ್ಳಾನೂ ಇಲ್ಲವ್ವಾ."

"ಐತ್ರಿ. ಇಲ್ಲಿನೂ ಒಂದೈತಿ. ಮಲಪ್ರಭಾದ ಹತ್ರ ಎರಡ ಅದಾವ." ಆಮ್ಯಾಲ ನಕ್ಕೊಂತ ಅಂದ್ಲು, "ಭಾಳ ನೀರಾವರಿ ಮಾಡೀರಿ ಬಿಡ್ರಿ ಅಕ್ಕಾರ."

ಟೀಚರೂ ನಕ್ರು. ನನಗ ನಗು ಬರಲಿಲ್ಲ. ಕಿಡಕಿ ಬೆಳಕಿಗೆ ಹಿಡದು ನೋಡಿದ್ನಿ. ಪ್ರತಿ ಬಳುಕಿನ್ಯಾಗ, ಪ್ರತಿ ಕೂಡೂ ಜಾಗದಾಗ ಕಾಗದದ ಸಣ್ಣ ನಾರು ಎದ್ದಿತ್ತು. ಕಣ್ಣಿಗೆ ಅದು ಏನೂ ಅಲ್ಲ. ಆಕಿ ಬೆರಳಿಗೆ ಅದೊಂದು ಹೊಳಿ. ಇಂಥಾ ನಕಾಶಿ ಕೊಟ್ರ ಹುಡುಗಿ ಇಲ್ಲದ ನದಿ ಓದಿ ಫೇಲ್ ಆಗ್ತಾಳ, ತಪ್ಪು ನಂದು, ಊರ ಬಿಡಾಕಿ ಆಕಿ. ಆ ನಕಾಶಿ ವಾಪಸ್ ಕಟ್ಕೊಂಡು ಬಸ್ಸು ಹತ್ತಿದ್ನಿ.

ಮೊದಲ ಸಂಶಯ ಕಾಗದದ ಮ್ಯಾಲ. ಮೂಡಲಗಿ ನನ್ನ ತವರಮನಿ. ಅಲ್ಲಿ ಲಗ್ನಪತ್ರ ಅಚ್ಚ ಹಾಕೂ ಪ್ರೆಸ್ಸಿನ ಕಾಕಾ ಒಬ್ಬರದಾರ. ಕಾಗದದ ವಿಷಯದಾಗ ಅವರಿಗೆ ತಿಳೀದಿದ್ದು ಇಲ್ಲ. ನನ್ನ ಹಾಳಿ ತಗೊಂಡು ಚರ್ರಂತ ಹರದು ನನ್ನ ಮಾರಿ ಮುಂದ ಹಿಡದ್ರು.

"ನೋಡವಾ, ಹರದಲ್ಲಿ ಹೆಂಗ ರೋಮ ಎದ್ದಾವ. ಒಳಗ ಪೊಳ್ಳ, ಮ್ಯಾಲ ಬಣ್ಣದ ಪದರ. ಕುಬಸಕ್ಕ ಬರೋಬ್ಬರಿ, ಬೆರಳಿಗೆ ಬರೋಬ್ಬರಿ ಅಲ್ಲ. ಎಲ್ಲಿ ಇಟ್ಟಿದ್ದಿ ಇದನ್ನ?"

"ಹಿತ್ತಲ ಖೋಲ್ಯಾಗ್ರಿ ಕಾಕಾ, ಜ್ವಾಳದ ಚೀಲದ ಬಾಜೂ."

"ಶಾಣ್ಯಾಕಿ! ಮಳಿಗಾಲದಾಗ ಕಾಗದಕ್ಕೂ ಥಂಡಿ ಹತ್ತತೈತಿ. ಮೆತ್ತಗಾದ ಕಾಗದ ಕತ್ತರಿಸಂಗಿಲ್ಲ, ಹರೀತೈತಿ."

ಕಪಾಟಿನಿಂದ ಬ್ಯಾರೆ ಹಾಳಿ ತಗದ್ರು. ಗಟ್ಟಿ, ನುಣುಪು, ಅಡ್ಡ ಹರದ್ರ ಒಳಗೂ ಹೊರಗೂ ಒಂದ ಬಣ್ಣ. ಪ್ಲಾಸ್ಟಿಕ್ಕಿನಾಗ ಸುತ್ತಿ ಕೊಟ್ಟು, ಕತ್ತರಸೂಕಿಂತ ಮೊದಲ ಮ್ಯಾಲ ಅರಿವಿ ಹಾಸಿ ಹಗರಕ ಇಸ್ತ್ರಿ ಹೊಡಿ ಅಂದ್ರು. ಹಂಗ ಮಾಡಿದ್ನಿ. ಹಾಳಿ ಹಪ್ಪಳದಂಗ ಗರಿಗರಿ ಆತು. ಮಶೀನಿನ ಅಂಟಿನ ಮ್ಯಾಟಿನ ಮ್ಯಾಲ ಇಟ್ಟು ಲಟ್ಟಣಿಗಿ ಉಳ್ಳಾಡಿಸಿ ಕುಂದರಿಸಿದ್ನಿ, ಒಂದು ಮೂಲಿನೂ ಏಳಬಾರದಂತ.

ನೆಟ್ಟಗಿದ್ದ ಗೆರಿ ಬೆಣ್ಣಿ ಕೊಯ್ದಂಗ ಬಂದ್ವು. ಬಳುಕು ಬಂದಲ್ಲಿ ಮತ್ತ ಅದ ಹಾಡು. ಕೂಡೂ ಜಾಗದಾಗ ಬ್ಲೇಡು ಕಾಗದಾನ ಎಳಕೊಂಡು ಹೋಗಿ ಹರೀತಿತ್ತು. ಒತ್ತು ಕಮ್ಮಿ ಮಾಡಿದ್ನಿ, ಅರ್ಧ ಕತ್ತರಿಸಿ ಬಿಟ್ಟಿತು. ಜಾಸ್ತಿ ಮಾಡಿದ್ನಿ, ಮ್ಯಾಟಿಗೇ ಗಾಯ ಆತು. ಹೊಸಾ ಮ್ಯಾಟ್ ತಂದ್ನಿ. ಹೊಸಾ ಬ್ಲೇಡ್ ಹಾಕಿದ್ನಿ. ಒಂದು ಸಣ್ಣ ಗುಂಡನ ಗೆರಿ ಕತ್ತರಸಂತ ಕೊಟ್ರ ಶುರು ಆದ ತುದಿ, ಮುಗದ ತುದಿ ಒಂದಕ್ಕೊಂದು ಕೂಡಲಿಲ್ಲ. ಯಾಕ ಅಂತ ಆಗ ತಲಿಗೆ ಹೊಳೀಲಿಲ್ಲ. ಹದಿನಾರನೇ ಸಲ ಘಟಪ್ರಭಾ ಹರದಾಗ ನಾನು ಮಶೀನಿಗೆ ಬಾಯಿಗೆ ಬಂದಂಗ ಬೈದ್ನಿ. ಆಮ್ಯಾಲ ಟೀಚರಿಗೆ ಫೋನ್ ಹಚ್ಚಿದ್ನಿ.

"ನನ್ನ ಕೈಲೆ ಆಗಂಗಿಲ್ರಿ. ಬೆಳಗಾವ್ಯಾಗ ದೊಡ್ಡ ಲೇಸರ್ ಮಶೀನ್ ಇದ್ದವರದಾರ, ಅವರನ್ನ ಕೇಳ್ರಿ."

"ಕೇಳೇನ್ರಿ. ಒಂದೆರಡ ತುಂಡಿಗೆ ನಾವು ಮಶೀನ್ ಚಾಲೂ ಮಾಡಂಗಿಲ್ಲ ಅಂದ್ರು." ಅಂತ ಟೀಚರ್ ಹೇಳಿದ್ರು. "ಇರ್ಲಿ ಬಿಡ್ರಿ. ಸೋಮವಾರ ಬರೂದು ತಪ್ಪಂಗಿಲ್ಲ. ಉಲ್ಲನ್ ದಾರಾನ ಮತ್ತೊಮ್ಮಿ ಅಂಟಸ್ತೀನಿ."

ಫೋನ್ ಇಟ್ಟ ಮ್ಯಾಲ ಅಳು ಬಂದಂಗ ಆತು. ಬೈದಿದ್ರ ಹಗರ ಆಗ್ತಿತ್ತು. ಅವರು ಬೈಲಿಲ್ಲ.

ಮರುದಿನ ನಾಗರ ಅಮಾಸಿ. ಮುಂಜಾನಿ ಅಡಗಿಮನ್ಯಾಗ ಹೋಳಗಿ ಲಟ್ಟಸಾಕತ್ತಿದ್ನಿ. ಹಿಟ್ಟು ಸಾಲದಾಗಿ ಡಬ್ಬಿ ತರಾಕ ಪಡಸಾಲಿಗೆ ಬಂದ್ರ ನಮ್ಮತ್ತಿ ಪೂಜಿ ತಾಟು ಹಿಡಕೊಂಡು ಮಶೀನಿನ ಮುಂದ ನಿಂತಾರ. ಪ್ರತಿ ಅಮಾಸಿಗೆ ಹೊಲಿಗಿ ಮಶೀನು, ಸ್ಕೂಟಿ, ತಕ್ಕಡಿ, ಎಲ್ಲಾಕ್ಕೂ ಅವರು ಪೂಜಿ ಮಾಡೂದು ನನಗ ಗೊತ್ತು. ಈ ಮಶೀನಿನ ಮುಚ್ಚಳದ ಮ್ಯಾಲ ಮೂರು ಬಟ್ಟ ವಿಭೂತಿ ನೋಡಿ ಅಷ್ಟ ಅನಕೊಂಡಿದ್ನಿ. ಇವತ್ತ ನೋಡಿದ್ರ ಅವರು ಮುಚ್ಚಳ ಎತ್ತಿ, ಬ್ಲೇಡ್ ಕುಂತಿರೂ ಗೂಡಿನ ತುದಿಗೆ ತುಳಸಿಎಲಿಯಿಂದ ನೀರ ಚಿಮುಕಿಸಿ, ಮ್ಯಾಲಿಂದ ಒಂದ ಚಿವುಟು ವಿಭೂತಿ, ಒಂದ ಚಿವುಟು ಕುಂಕಮ ಉದುರಸಾಕತ್ತಾರ!

"ಅತ್ತೀ! ಏನ್ ಮಾಡಾಕತ್ತೀರಿ!"

"ಯಾಕ ಹಂಗ ಚೀರ್ತಿ? ಎದಿ ಧಸಕ್ ಅಂತು."

"ಅಲ್ಲಿ ಯಾಕ ಹಾಕ್ತೀರಿ? ಮುಚ್ಚಳಕ್ಕ ಹಚ್ಚಿದ್ರ ಸಾಲದೇನ್ರಿ?"

"ದುಡಿಯೂ ಜಾಗಕ್ಕ ಹಚ್ಚಬೇಕೋ ಬ್ಯಾಡೋ? ಮುಚ್ಚಳ ಏನ್ ದುಡಿತೈತಿ?" ಅಂದ್ರು ಅತ್ತಿ. "ಎರಡ ವರ್ಷ ಆತು, ಒಂದ ಅಮಾಸಿ ತಪ್ಪಿಸಿಲ್ಲ ನಾನು."

ಹಿಟ್ಟಿನ ಕೈಲೇನ ಗೂಡು ಬಿಚ್ಚಿದ್ನಿ. ಬ್ಲೇಡು ಜಗ್ಗಿ ತಗದು ಹಾಳಿ ಮ್ಯಾಲ ಗೂಡು ಕುಟ್ಟಿದ್ನಿ. ಬೂದಿ, ಕುಂಕಮ, ಕಾಗದದ ಧೂಳು, ಎರಡು ವರ್ಷದ ನೀರಿನ್ಯಾಗ ಕಲಸಿ ಒಣಗಿದ ಕೆಂಪನೀ ಹೆಂಟಿ ಉದುರಿತು. ನನಗ ಆಗ ಎಲ್ಲಾ ತಿಳೀತು. ಈ ಬ್ಲೇಡು ಗೂಡಿನ್ಯಾಗ ಸಡಿಲ ತಿರುಗಬೇಕು. ಗೆರಿ ಎತ್ತಾಗ ಹೊಳ್ಳತೈತೋ ಅತ್ತಾಗ ತಾನೂ ಹೊಳ್ಳಬೇಕು. ಹೆಂಟಿ ಕಟ್ಟಿ ಅದು ಬಿಗಿದಿತ್ತು. ನೆಟ್ಟಗ ಹೋಗೂದಕ್ಕ ತ್ರಾಸಿಲ್ಲ, ಹೊಳ್ಳು ಅಂದ್ರ ಹೊಳ್ಳಂಗಿಲ್ಲ, ಅಡ್ಡ ಎಳದು ಹರೀತಿತ್ತು. ಹೊಸಾ ಬ್ಲೇಡ್ ಹಾಕಿದ್ರೂ ಹಾಕಿದ್ದು ಅದ ಹಳೇ ಗೂಡಿಗೆ. ಕಾಗದ ಬೈದ್ನಿ, ಮ್ಯಾಟ್ ಬೈದ್ನಿ, ಗೂಡಿನೊಳಗ ಒಂದ ಸಲ ಇಣುಕಲಿಲ್ಲ ನೋಡ್ರಿ ನಾ ಎಂಥಾ ಶಾಣ್ಯಾಕಿ.

"ಆ ಹುಡುಗಿ ನಕಾಶಿ ನನ್ನಿಂದ ಹರೀತೇನ?" ಅತ್ತಿ ಸಣ್ಣ ದನಿಲೆ ಕೇಳಿದ್ರು.

ಇಲ್ಲ ಅನ್ನಬೇಕಿತ್ತು. ಸಿಟ್ಟಿನ್ಯಾಗ "ಹೂಂ" ಅಂದುಬಿಟ್ನಿ. ಅವರು ತಾಟು ಇಟ್ಟು ಹೋಗಿ ಕುಂತವರು ಮಧ್ಯಾಹ್ನ ಹೋಳಗಿ ಮುಟ್ಟಲಿಲ್ಲ. ನಾನೂ ಹೋಳಗಿ ಡಬ್ಬಿ ಮುಚ್ಚಿಟ್ನಿ.

ಊಟದ ಹೊತ್ತು ಕಳದ ಮ್ಯಾಲ ಗೂಡನ್ನ ಹಲ್ಲುಜ್ಜೂ ಬ್ರಶ್ಶಿನಿಂದ ತಿಕ್ಕಿ, ಕಡ್ಡಿಗೆ ಹತ್ತಿ ಸುತ್ತಿ ಒಳಗ ಒರಸಿ, ಫ್ಯಾನಿನ ಕೆಳಗ ಪೂರ್ತಿ ಒಣಗಿಸಿದ್ನಿ. ಚಪಾತಿ ಸುತ್ತೂ ಬೆಳ್ಳಿಹಾಳಿ ಉಂಡಿ ಮಾಡಿ ಬ್ಲೇಡಿನ ತುದೀನ ಅದರಾಗ ಹತ್ತಾರು ಸಲ ಚುಚ್ಚಿ ತಗದ್ನಿ. ವಾಪಸ್ ಗೂಡಿಗೆ ಹಾಕಿ ಊದಿದ್ರ ಬ್ಲೇಡು ಗಿರ್ರಂತ ತಿರುಗಿತು. ಸಣ್ಣ ಗುಂಡನ ಗೆರಿ ಕತ್ತರಿಸಿದ್ನಿ. ತುದಿಗೆ ತುದಿ ಕೂಡಿತು. ಹೊಳಿ ಕತ್ತರಿಸಿದ್ನಿ. ಘಟಪ್ರಭಾ ಹರೀಲಿಲ್ಲ! ಯಪ್ಪಾ, ಆ ಹೊತ್ತಿನ್ಯಾಗ ಆದ ಹಗರ ಇವತ್ತಿಗೂ ನೆನಪೈತಿ. ಟೀಚರಿಗೆ ಫೋನ್ ಮಾಡಿ "ದಾರ ಅಂಟಸಬ್ಯಾಡ್ರಿ" ಅಂತ ಅಷ್ಟ ಹೇಳಿದ್ನಿ.

ಆದ್ರೂ ಹುಡುಗಿ ಬೆರಳು ಅಲ್ಲಿ, ನಾ ಇಲ್ಲಿ. ನನ್ನ ಕಣ್ಣ ಮ್ಯಾಲ ಇನ್ನ ನಂಬಿಕಿ ಉಳದಿರಲಿಲ್ಲ. ಅತ್ತಿ ಹತ್ರ ಹೋಗಿ ಕುಂತ್ನಿ. ಐವತ್ತು ವರ್ಷ ಅಕ್ಕಿ, ಬ್ಯಾಳಿ ಹಸನ ಮಾಡಿದ ಬೆರಳು ಅವರದು, ಸಣ್ಣ ಹರಳಿದ್ರ ನೋಡದೇನ ತಗೀತಾರ.

"ಅತ್ತಿ, ನೀವು ಹಾಕಿದ ವಿಭೂತಿಗೆ ಸಿಟ್ಟ ಮಾಡಬಾರದಿತ್ತು. ನನಗ ಒಂದ ಕೆಲಸ ಮಾಡಿಕೊಡ್ರಿ. ಕಣ್ಣ ಮುಚ್ಚಿ ಇದನ್ನ ಸವರ್ರಿ."

"ಸಿಟ್ಟ ಮಾಡ್ಕೊಂಡಾಕಿ ನೀನು, ಕೆಲಸ ನನಗ?" ಅಂತ ಗೊಣಗಿದ್ರೂ ಕೈ ಮುಂದ ಮಾಡಿದ್ರು. ಕಣ್ಣ ಮುಚ್ಚಿ ಕೃಷ್ಣಾದ ಮ್ಯಾಲ ಬೆರಳ ಎಳದ್ರು. "ಇಲ್ಲಿ ಗರಗರ ಅಂತೈತಿ. ಇಲ್ಲಿನೂ. ಗರಗಸ ಇದ್ದಂಗ."

ಅವರು ತೋರಿಸಿದ್ದೆಲ್ಲಾ ಸಣ್ಣ ಸಣ್ಣ ಬಳುಕು. ಪುಸ್ತಕದಾಗ ಹೊಳಿ ಎಷ್ಟು ಅಂಕುಡೊಂಕು ಇತ್ತೋ ಅಷ್ಟೂ ತಗದಿದ್ನಿ ನಾನು. ಅದ ನನ್ನ ಹೆಮ್ಮಿ. ಒಂದು ಮಿಲಿಮೀಟರಿನ ಬಳುಕಿನ್ಯಾಗ ಎಂಥಾ ಬ್ಲೇಡು ಹೋದ್ರೂ ದಂಡಿ ಸ್ವಲ್ಪ ಏಳತೈತಿ. ಒಂದು ತಾಸು ಕಂಪ್ಯೂಟರ್ ಮುಂದ ಸುಮ್ನ ಕುಂತ್ನಿ. ಆಮ್ಯಾಲ ಗಟ್ಟಿ ಮನಸ್ಸು ಮಾಡಿ ಅಂಕುಡೊಂಕು ಅರ್ಧಕ್ಕ ಅರ್ಧ ಅಳಿಸಿದ್ನಿ. ದೊಡ್ಡ ತಿರುವು ಅಷ್ಟ ಉಳಿಸಿದ್ನಿ. ಗಡಿ ಪೂರ್ತಿ ತಗದ್ನಿ, ಅದು ಬ್ಯಾರೆ ಹಾಳಿಗೆ. ಉಪನದಿ ಒಂದೂ ಬಿಡಲಿಲ್ಲ. ಅವು ಎಲ್ಲಿ, ಯಾವ ಕಡೆ ಬಾಗಿ ಬಂದು ಕೂಡ್ತಾವೋ ಆ ಮೂಲಿ ಮಾತ್ರ ಇನ್ನೂ ಚೂಪ ಮಾಡಿದ್ನಿ. ಚಂದ ಕಮ್ಮಿ ಆತು, ಖರೆ. ನೋಡೂ ಮಂದಿಗಂತ ಮಾಡಿದ್ದಲ್ಲಲ್ಲ ಅದು.

ಮಶೀನಿನ ವೇಗ ಎಲ್ಲಾಕಿಂತ ಕಮ್ಮಿಗೆ ಇಟ್ನಿ. ಒಂದ ಸಲ ಜೋರ ಒತ್ತಿ ಕತ್ತರಸೂ ಬದಲಿ ಹಗರ ಒತ್ತಿನ್ಯಾಗ ಅದ ಗೆರಿ ಮ್ಯಾಲ ಎರಡ ಸಲ ಓಡಿಸಿದ್ನಿ. ಮ್ಯಾಟಿನಿಂದ ತಗಿಯೂವಾಗ ಕಾಗದ ಜಗ್ಗಲಿಲ್ಲ. ಮ್ಯಾಟನ್ನ ಬೋರಲ ಹಾಕಿ ಮ್ಯಾಟನ್ನ ಬಾಗಿಸಿ ಸುಲದ್ನಿ, ಕಾಗದ ಅಲ್ಲೇ ಚಪ್ಪಟ ಉಳೀತು. ಗೋಂದು ಕಡ್ಡಿಲೆ ತೆಳ್ಳಗ ಸವರಿ ಅಂಟಿಸಿದ್ನಿ. ಅತ್ತಿ ಕಣ್ಣ ಮುಚ್ಚಿ ಪೂರ್ವಕ್ಕ ಹೋಗಿ ಪಶ್ಚಿಮಕ್ಕ ಬಂದ್ರು. "ಏನೂ ಇಲ್ಲ" ಅಂದ್ರು. ಅವತ್ತ ಮುಂಜಾನಿ ಹೋಳಗಿ ಸಂಜೀಕ ಇಬ್ಬರೂ ಕೂಡಿ ಉಂಡ್ವಿ.

ಅಂಥಾವು ಮೂರು ಮಾಡಿದ್ನಿ. ಒಂದನ್ನ ಹುಡುಗಿ ರೂಢಿ ಮಾಡ್ಲಿ ಅಂತ ಟೀಚರ್ ಒಯ್ದು ಅದಕ್ಕ ಬ್ರೈಲ್ ಚುಕ್ಕಿಲೆ ಹೆಸರು ಹಚ್ಚಿದ್ರು. ಪರೀಕ್ಷಾದ್ದಕ್ಕ ಹೆಸರು ಇರಬಾರದು ಅಂತ ಹೆಡ್ ಮಾಸ್ತರ್ ಹೇಳಿದ್ರಂತ.

ಸೋಮವಾರ ನಾನೂ ಹೋದ್ನಿ. ಹೆಡ್ ಮಾಸ್ತರರ ಖೋಲ್ಯಾಗ ಟೀಚರ್, ಹುಡುಗಿ, ಬಾಗಲದಾಗ ಸೆರಗ ಹೊತ್ತ ಹುಡುಗಿ ಅವ್ವ. ಟೇಬಲ್ ಮ್ಯಾಲ ಗಾಜಿನ ಗುಂಡಿನ ಕೆಳಗ ಆ ಅರ್ಜಿ ಇತ್ತು. ಹೆಡ್ ಮಾಸ್ತರ್ ಕೆಟ್ಟ ಮನಷಾ ಅಲ್ಲ, ಅವರ ಮಾರ್‍ಯಾಗೂ ಚಿಂತಿ ಇತ್ತು.

"ಘಟಪ್ರಭಾ ತೋರಸು."

ತೋರಿಸಿದ್ಲು.

"ಅದಕ್ಕ ಕೂಡೂ ಹೊಳಿ?"

"ಹಿರಣ್ಯಕೇಶಿ ಇದು, ಮಾರ್ಕಂಡೇಯ ಇದು ಸರ್."

"ಮಲಪ್ರಭಾ?"

ತೋರಿಸಿದ್ಲು. ಹೆಡ್ ಮಾಸ್ತರ್ ಟೀಚರನ್ನ ನೋಡಿ, "ಬಾಯಿಪಾಠ ಮಾಡಿಸಿದಂಗ ಬೆರಳಪಾಠ ಮಾಡಿಸೀರಿ" ಅಂದ್ರು. ಆಮ್ಯಾಲ ನೋಡೂ ನೆವದಾಗ ನಕಾಶಿ ಎತ್ತಿದ್ರು, ಸಪ್ಪಳ ಇಲ್ಲದಂಗ ತಲಿಕೆಳಗ ತಿರುವಿ ಇಟ್ರು. ನಾ ನೋಡಿದ್ನಿ. ಟೀಚರ್ ನೋಡಿದ್ರು. ಬಾಯಿ ತಗಿಯಾಕ ಬಂದವರಿಗೆ ಸರ್ ಕೈ ಅಡ್ಡ ಹಿಡದ್ರು.

"ಈಗ ಭೀಮಾ ತೋರಸವಾ."

ಆಕಿ ಬೆರಳು ಬಲಗಡೆ ಮ್ಯಾಲ ಹೋತು. ಅಲ್ಲಿ ಭೀಮಾ ಇಲ್ಲ. ಬೆರಳು ನಿಂತಿತು. ಹುಡುಗಿ ತುಟಿ ಕಚ್ಚಿದ್ಲು. ಕೃಷ್ಣಾ ಹಿಡಕೊಂಡು ಎಡದಿಂದ ಬಲಕ್ಕ ಒಮ್ಮಿ, ಬಲದಿಂದ ಎಡಕ್ಕ ಒಮ್ಮಿ ಹೋದ್ಲು. ಒಂದೊಂದು ಕೂಡೂ ಮೂಲ್ಯಾಗ ಉಗುರು ಇಟ್ಟು ನಿಂತ್ಲು. ಅಲ್ಲಿ ಒಂದ ನಾರು ಎದ್ದಿದ್ರ ಮುಗೀತಿತ್ತು.

"ಸರ್, ಉಪನದಿ ಅನ್ನೂವು ಹೊಳಿ ಹರಿಯೂ ಕಡೆಗೇ ಬಾಗಿ ಕೂಡ್ತಾವಲ್ರಿ?"

"ಹೌದು."

"ಇಲ್ಲಿ ಎಲ್ಲಾ ಎಡಕ್ಕ ಬಾಗ್ಯಾವ್ರಿ. ಹಂಗಾದ್ರ ಕೃಷ್ಣಾ ಹೊತ್ತ ಮುಳುಗೂ ಕಡೆ ಹರೀಬೇಕಾತು." ನಕಾಶಿಯ ಎರಡೂ ಮೂಲಿ ಹಿಡದು ತಾನ ತಿರುವಿ ಇಟ್ಲು. ಬೆರಳಿಟ್ಟು, "ಇದು ಭೀಮಾ" ಅಂದ್ಲು. ಆಮ್ಯಾಲ ಮೆಲ್ಲಕ, "ನೀವು ತಿರುವಿದ್ರಿ ಹೌದಲ್ರಿ ಸರ್?"

ಹೆಡ್ ಮಾಸ್ತರ್ ಕುರ್ಚಿಗೆ ಒರಗಿ ಕುಂತು ನಕ್ಕುಬಿಟ್ರು. "ಹೌದವಾ, ನಾನ ತಿರುವಿದ್ನಿ. ನನ್ನ ಕ್ಲಾಸಿನ ಕಣ್ಣಿದ್ದ ಹುಡುಗರು ಒಬ್ಬರೂ ಇದನ್ನ ಹಿಡೀತಿರಲಿಲ್ಲ." ಗಾಜಿನ ಗುಂಡ ಸರಿಸಿ ಆ ಅರ್ಜಿ ತಗದು ಬಾಗಲದಾಗ ನಿಂತ ಅವ್ವನ ಕೈಯಾಗ ಕೊಟ್ರು. "ತಗೋರಿ. ಹತ್ತನೇತ್ತಾ ಇಲ್ಲೇ ಮಾಡ್ಲಿ."

ಟೀಚರ್ ನನ್ನ ಕೈ ಎಷ್ಟು ಬಿಗಿ ಹಿಡದಿದ್ರಂದ್ರ ಬಳಿ ಒತ್ತಿ ಗುರ್ತ ಬಿದ್ದಿತ್ತು. ನಾ ಹೊರಗ ಬಂದು ಕಟ್ಟಿ ಮ್ಯಾಲ ಕುಂತ್ನಿ. ಹುಡುಗಿ ಅವ್ವನೂ ಬಂದು ಬಾಜೂ ನಿಂತ್ಲು. ಅರ್ಜಿ ಇನ್ನೂ ಕೈಯಾಗ ಹಂಗ ಹಿಡದಿದ್ಲು. ನನ್ನ ಕೇಳಿದ್ಲು.

"ಬಾಯಾರ, ಹಾಸ್ಟೆಲ್ಲಿಗಂತ ಹೋದ ಸಂತಿಗೆ ಟ್ರಂಕ್ ತಂದಿದ್ನಿ. ಆಕಿ ಹೆಸರೂ ಬರೆಸೇನಿ ಅದರ ಮ್ಯಾಲ. ಅದನ್ನ ಈಗ ಏನ್ ಮಾಡ್ಲಿ?"

ಹುಡುಗಿ ಅವ್ವನ ತೋಳು ಹುಡುಕಿ ಹಿಡಕೊಂಡ್ಲು.

"ಜ್ವಾಳ ತುಂಬೂನು ಬಾರವ್ವಾ" ಅಂದ್ಲು.